ಮೊದಲು ನಿಲ್ಲಲಿ

ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿಯ ಯಾವ ಊರಿಗೆ ಹೋದರೂ ಹಳೇ ಮನೆಯೊಂದರ ಕೊಟ್ಟಿಗೆಯಲ್ಲಿ ಒಂದು ಜಾವಾ ಇಲ್ಲವೇ ಯೆಜ್ಡಿ ಗೋಡೆಗೆ ಒರಗಿಕೊಂಡು ನಿಂತಿರುವುದನ್ನು ಕಾಣಬಹುದು. ಸೀಟಿನ ಮೇಲೆ ಬೂಸದ ಚೀಲ, ಹ್ಯಾಂಡಲ್ಲಿಗೆ ದನದ ಹಗ್ಗ, ಸೈಲೆನ್ಸರಿನ ಬಾಯಲ್ಲಿ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು. ಗುಜರಿಗೆ ಹಾಕಿ ಅಂದರೆ ಮನೆಯ ಹಿರಿಯರು ಮುಖ ತಿರುಗಿಸುತ್ತಾರೆ. ಓಡಿಸಿ ಅಂದರೆ, ‘ವಸಿ ಕೆಲ್ಸ ಅದೆ, ಮಾಡುಸ್ಬೇಕು’ ಅನ್ನುತ್ತಾರೆ. ಆ ವಸಿ ಕೆಲಸ ವರ್ಷಗಟ್ಟಲೆ ಹಾಗೇ ಉಳಿದಿರುತ್ತದೆ. ನಮ್ಮ ಚಿಕ್ಕಪ್ಪನ ಯೆಜ್ಡಿಯೂ ಹಾಗೇ ಉಳಿದಿತ್ತು, ಹೋದ ಸುಗ್ಗಿ ಮುಗಿಯುವವರೆಗೆ.

ಈ ಗಾಡಿ ನಮ್ಮ ಕಡೆ ಇಷ್ಟೊಂದು ಇರುವುದಕ್ಕೆ ಕಾರಣ ಸರಳ. ಅದು ಹುಟ್ಟಿದ್ದೇ ನಮ್ಮ ಪಕ್ಕದಲ್ಲಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್ ಸೈಕಲ್ ತಯಾರಿಸಲು ಶುರು ಮಾಡಿತು. ರುಸ್ತುಂ ಇರಾನಿ, ಫರೋಕ್ ಇರಾನಿ ಅವರ ಸಾಹಸ ಅದು. ವಿನ್ಯಾಸ ಜೆಕೊಸ್ಲೊವಾಕಿಯಾದ್ದು, ಕೈಕೆಲಸ ನಮ್ಮ ಸೀಮೆಯ ಹುಡುಗರದು. ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆ ನಡುವಿನ ವರ್ಷಗಳಲ್ಲಿ ಕಬ್ಬಿನ ಬಿಲ್ಲು ಕೈಗೆ ಬಂದ ಮನೆಯವರು ಮೈಸೂರಿನ ಗಾಡಿಯನ್ನೇ ತಂದರು. ಅದರ ಮೇಲೆ ಆಲೆಮನೆಯಿಂದ ಮಂಡ್ಯದ ಮಾರ್ಕೆಟ್ಟಿಗೆ ಬೆಲ್ಲದ ಪಿಂಡಿ ಹೋಯಿತು, ಡೈರಿಗೆ ಹಾಲಿನ ಕ್ಯಾನು ಹೋಯಿತು, ಸೊಸೈಟಿಯಿಂದ ಗೊಬ್ಬರದ ಮೂಟೆ ಬಂತು. ನಮ್ಮ ಚಿಕ್ಕಮ್ಮನನ್ನು ಹೆರಿಗೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅದರ ಮೇಲೆಯೇ. ನಾನು ಹುಡುಗನಾಗಿದ್ದಾಗ ಟ್ಯಾಂಕಿನ ಮೇಲೆ ಕೂತು, ಎರಡು ಸೈಲೆನ್ಸರಿನ ಆ ಸದ್ದನ್ನು ತೊಡೆಯಲ್ಲೇ ಕೇಳುತ್ತಿದ್ದೆ. ಇಂಥ ಗಾಡಿಯನ್ನು ಯಾರೂ ತೂಕಕ್ಕೆ ಹಾಕಲಾರರು.

ಸುಗ್ಗಿ ಮುಗಿದ ಮೇಲೆ ಚಿಕ್ಕಪ್ಪ ಮಂಡ್ಯದಿಂದ ಕರೆಸಿದ ಮೇಸ್ತ್ರಿಗೆ ವಯಸ್ಸು ಎಪ್ಪತ್ತರ ಹತ್ತಿರ. ಎಲ್ಲರಿಗೂ ಅವರು ಬಾಯ್. ಬಂದವರೇ ಗಾಡಿಯನ್ನು ಬಿಸಿಲಿಗೆ ತಳ್ಳಿಸಿದರು, ಸುತ್ತ ನಡೆದರು, ಆಮೇಲೆ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ಎತ್ತಿದ. ಈ ಗಾಡಿಗಳಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರು. ಒತ್ತಿ ಎತ್ತಿದರೆ ಕಿಕ್ಕರ್ ಆಗುತ್ತದೆ, ಇಳಿಸಿದರೆ ಮತ್ತೆ ಗೇರು.

‘ಕಾಲ್ ತೆಗೀರಿ ಗೌಡ್ರೆ’ ಅಂದರು ಬಾಯ್. ‘ಇಷ್ಟು ವರ್ಷ ನಿಂತಿರೋದು. ರಿಂಗ್ ಅಂಟ್ಕೊಂಡಿರ್ತವೆ. ಒದ್ರೆ ಮುರೀತವೆ.’

‘ಮೊದ್ಲೆಲ್ಲಾ ಒಂದೇ ಕಿಕ್ಕಿಗೆ ಎದ್ದೊಯ್ತಿತ್ತು ಕಣಯ್ಯ.’

‘ಏಳ್ತದೆ ಬುಡಿ. ನಾವೇ ಎಬ್ಬುಸ್ಬೇಕು, ಒದೀಬಾರ್ದು.’

ಬಾಯ್ ಹೇಳಿದ್ದರಲ್ಲಿ ಲೆಕ್ಕವಿತ್ತು. ಟೂ ಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲೇ ಹೊಗೆ ಹೋಗುವ, ಗಾಳಿ ಬರುವ ಕಿಂಡಿಗಳಿರುತ್ತವೆ. ತುಕ್ಕು ಹಿಡಿದು ಅಂಟಿದ ರಿಂಗನ್ನು ಬಲವಂತವಾಗಿ ಎಳೆದರೆ ಅದು ಕಿಂಡಿಯ ಅಂಚಿಗೆ ಸಿಕ್ಕಿ ಮುರಿಯುತ್ತದೆ, ಮುರಿದ ಚೂರು ಬೋರನ್ನು ಗೀರುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಸುರಿದು, ನೆನೆಯಲು ಬಿಟ್ಟರು. ಆಮೇಲೊಂದು ದಿನ ಬಂದು ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿದರು. ಪಿಸ್ಟನ್ ಕೂದಲೆಳೆಯಷ್ಟು ಜರುಗಿತು. ಅಷ್ಟಕ್ಕೇ ಅವರಿಗೆ ಸಮಾಧಾನ. ಅದರ ಮೇಲೆ ಎಂಜಿನ್ ಬಿಚ್ಚಿದರು.

65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ಒಳಗೆ ನೋಡಿದರೆ ಹೊಗೆಯ ಕಿಂಡಿಗಳು ಅರ್ಧಕ್ಕರ್ಧ ಮಸಿಯಿಂದ ಮುಚ್ಚಿಹೋಗಿದ್ದವು. ಪೆಟ್ರೋಲಿನ ಜೊತೆ ಆಯಿಲ್ಲೂ ಉರಿಯುವ ಎಂಜಿನ್ನಿನಲ್ಲಿ ಈ ಮಸಿ ತಪ್ಪಿದ್ದಲ್ಲ. ಸೈಲೆನ್ಸರಿನ ಒಳಗಿನ ಜಾಲರಿ ಕೊಳವೆಗಳನ್ನು ಚಿಕ್ಕಪ್ಪ ಆಲೆಮನೆಗೆ ತೆಗೆದುಕೊಂಡು ಹೋಗಿ ಒಲೆಯ ಬಾಯಲ್ಲಿಟ್ಟು ಸುಟ್ಟು ತಂದ. ಸಿಪ್ಪೆಯ ಬೆಂಕಿಗೆ ಮಸಿಯೆಲ್ಲ ಬೂದಿಯಾಗಿ ಉದುರಿತ್ತು. ಹಿಂದೆಯೂ ವರ್ಷಕ್ಕೊಂದು ಸಲ ಹೀಗೇ ಮಾಡುತ್ತಿದ್ದನಂತೆ.

ಹಳೇ ಟೂ ಸ್ಟ್ರೋಕ್ ಎಬ್ಬಿಸುವವರು ತಪ್ಪದೆ ನೋಡಬೇಕಾದ ಜಾಗವೊಂದಿದೆ. ಕ್ರ್ಯಾಂಕಿನ ಎರಡೂ ಕಡೆ ಇರುವ ಆಯಿಲ್ ಸೀಲುಗಳು. ನಾಲ್ಕಾಣೆಯಂಥ ರಬ್ಬರ್ ಬಳೆಗಳು, ನಿಂತಲ್ಲೇ ಒಣಗಿ ಕಲ್ಲಾಗಿರುತ್ತವೆ. ಎಡಗಡೆಯದು ಸೋರಿದರೆ ಕ್ಲಚ್ ಪೆಟ್ಟಿಗೆಯ ಆಯಿಲ್ ಎಂಜಿನ್ನಿನೊಳಕ್ಕೆ ನುಗ್ಗಿ ಬಿಳಿ ಹೊಗೆ ಕಕ್ಕುತ್ತದೆ. ಅದು ಕಣ್ಣಿಗೆ ಕಾಣುವುದರಿಂದ ಅಪಾಯ ಕಡಿಮೆ. ಡೈನಮೊ ಇರುವ ಬಲಗಡೆಯದು ಸೋರಿದರೆ ಹೊರಗಿನ ಗಾಳಿ ಒಳಕ್ಕೆ ಸೇರಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಪಿಸ್ಟನ್ ಕಾಯುತ್ತದೆ, ಓಡುತ್ತಿರುವಾಗಲೇ ಎಂಜಿನ್ ಹಿಡಿದುಕೊಳ್ಳುತ್ತದೆ. ಎಂಜಿನ್ ಹಿಡಿದರೆ ಹಿಂದಿನ ಚಕ್ರವೂ ಹಿಡಿಯುತ್ತದೆ, ಸವಾರ ರಸ್ತೆಗೆ ಬೀಳುತ್ತಾನೆ. ಕಾಸಿನ ಸೀಲು ಹಾಕಲು ಇಡೀ ಎಂಜಿನ್ ಬಿಚ್ಚಬೇಕು. ಅದಕ್ಕೇ ಬಹಳ ಜನ ಆ ಕೆಲಸ ಬಿಟ್ಟು ಹೊರಗಿನಿಂದ ಟ್ಯೂನ್ ಮಾಡಿಸಿ ಕಳಿಸುತ್ತಾರೆ. ಬಾಯ್ ಎರಡನ್ನೂ ಬದಲಾಯಿಸಿದರು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದದ್ದನ್ನು ಬೆರಳಿನಲ್ಲಿ ಒತ್ತಿ, ಮೂಸಿ, ಬೆಳಕಿಗೆ ಹಿಡಿದು ನೋಡಿಯೇ ಒಳಗಿಟ್ಟರು.

ಟ್ಯಾಂಕಿನ ಮುಚ್ಚಳ ತೆಗೆದಾಗ ಬಂದದ್ದು ವಾರ್ನಿಷ್ ವಾಸನೆ. ಹಳೇ ಪೆಟ್ರೋಲ್ ಆರಿ ಅಂಟಾಗಿತ್ತು, ಅದರ ಕೆಳಗೆ ತುಕ್ಕಿನ ಪುಡಿ. ಹುಣಸೆಹಣ್ಣು ಕಿವುಚಿದ ನೀರು, ಒಂದು ಹಿಡಿ ಹಳೇ ನಟ್ಟುಗಳು ಹಾಕಿ ಮನೆಯವರೆಲ್ಲ ಸರದಿಯ ಮೇಲೆ ಕುಲುಕಿದೆವು. ಹುಣಸೆಯ ಹುಳಿ ತುಕ್ಕನ್ನು ಬಿಡಿಸುತ್ತದೆ. ತೊಳೆದ ಕೂಡಲೇ ಒಣಗಿಸಿ ಆಯಿಲ್ ಬೆರೆಸಿದ ಪೆಟ್ರೋಲಿನಲ್ಲಿ ಜಾಲಿಸದಿದ್ದರೆ ಸಂಜೆಯೊಳಗೆ ಹೊಸ ತುಕ್ಕು ಬರುತ್ತದೆ. ಟ್ಯಾಂಕಿನ ತಳದಲ್ಲಿ ಸೂಜಿ ತೂತೊಂದು ಕಂಡಿತು. ಊರಿನವರೊಬ್ಬರು ವೆಲ್ಡಿಂಗ್ ಅಂಗಡಿಗೆ ಈಗಲೇ ಒಯ್ಯೋಣ ಅಂದರು. ಬಾಯ್ ಗದರಿದರು. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಪೆಟ್ರೋಲಿನ ಆವಿ ಸಿಡಿಯುತ್ತದೆ. ಸೋಪಿನ ನೀರಿನಲ್ಲಿ ಮತ್ತೆ ಮತ್ತೆ ತೊಳೆಸಿ, ಆಮೇಲೆ ವೆಲ್ಡಿಂಗ್ ಮಾಡದೆ ಎಪಾಕ್ಸಿ ಹಚ್ಚಿ ಮುಚ್ಚಿದರು.

ಇಲ್ಲಿ ನಮ್ಮ ಕಬ್ಬೇ ಬಂದು ಅಡ್ಡ ನಿಲ್ಲುತ್ತದೆ. ಈ ಗಾಡಿ ತಯಾರಾದಾಗ ಪೆಟ್ರೋಲ್ ಬರೀ ಪೆಟ್ರೋಲ್ ಆಗಿತ್ತು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಎಥೆನಾಲ್ ಇದೆ. 2025ರ ಹೊತ್ತಿಗೆ ಅದರ ಪಾಲು ಶೇ. 20 ಮುಟ್ಟಿತು. ಕಬ್ಬಿನ ರಸದಿಂದಲೂ ಮೊಲಾಸಸ್‌ನಿಂದಲೂ ತಯಾರಾಗುವ ಎಥೆನಾಲ್ ರೈತನಿಗೆ ಒಳ್ಳೆಯದೇ. ಕಬ್ಬು ಬೆಳೆಯುವ ಮನೆಯವನಾಗಿ ಅದನ್ನು ಬೇಡ ಅನ್ನಲಾರೆ. ಆದರೆ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಿಂತ ಗಾಡಿಯ ಟ್ಯಾಂಕಿನಲ್ಲಿ ಆ ನೀರು ಬೇರೆಯಾಗಿ ತಳಕ್ಕೆ ಇಳಿದರೆ ಅಲ್ಲಿಂದಲೇ ತುಕ್ಕು ಶುರು. ಹಳೇ ಕಾಲದ ರಬ್ಬರ್ ಪೈಪು, ವಾಷರು ಅದಕ್ಕೆ ಮೆತ್ತಗಾಗಿ ಬಿರಿಯುತ್ತವೆ. ಬಿರಿದ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುವುದು ಬಿಸಿ ಎಂಜಿನ್ನಿನ ಮೇಲೆ. ಹೊಸ ಪೈಪು ಹಾಕಿಸುವುದು, ವಾರಗಟ್ಟಲೆ ನಿಲ್ಲಿಸುವಾಗ ಟ್ಯಾಂಕೂ ಕಾರ್ಬೊರೇಟರೂ ಖಾಲಿ ಮಾಡುವುದು, ಎರಡನ್ನೂ ಹಳೇ ಗಾಡಿಯವರು ಈಗ ರೂಢಿ ಮಾಡಿಕೊಳ್ಳಬೇಕು. ಲೀಟರಿಗೆ ನಲವತ್ತೈವತ್ತು ಮಿ.ಲೀ. ಟೂಟಿ ಆಯಿಲ್ ಬೆರೆಸುವುದು ಹೇಗೂ ಇದ್ದದ್ದೇ.

ಕಾರ್ಬೊರೇಟರಿನ ಜೆಟ್ ಊದಿ, ಪಾಯಿಂಟ್ ಉಜ್ಜಿ 0.4 ಮಿ.ಮೀ. ಸಂದಿಗೆ ಇಟ್ಟು, ಸಿಗರೇಟ್ ಪ್ಯಾಕಿನ ತೆಳು ಕಾಗದವನ್ನು ಪಾಯಿಂಟುಗಳ ನಡುವೆ ಹಿಡಿದು ಅದು ಯಾವ ಗಳಿಗೆಯಲ್ಲಿ ಸಡಿಲವಾಗುತ್ತದೆ ಎಂದು ನೋಡಿ ಟೈಮಿಂಗ್ ಕೂರಿಸಿದರು. ಎಂಜಿನ್ ಎದ್ದಿತು. ಬೀದಿಯ ಹುಡುಗರೆಲ್ಲ ಓಡಿ ಬಂದರು. ಚಿಕ್ಕಮ್ಮ ಆರತಿ ತಟ್ಟೆ, ನಿಂಬೆಹಣ್ಣು ತಂದರು. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಹತ್ತಲು ಹೋದ. ಬಾಯ್ ಎಂಜಿನ್ ಆಫ್ ಮಾಡಿ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

‘ಯಾಕ್ ಬಾಯ್, ಎದ್ದದೆ ತಾನೆ?’

‘ಎದ್ದದೆ. ಇನ್ನೂ ನಿಲ್ಲಕಿಲ್ಲ. ಓಡ್ಸೋದಕ್ಕೆ ಮುಂಚೆ ನಿಲ್ಸೋದ್ ನೋಡಾವ.’

ನನಗೆ ಈ ಮಾತು ಆವತ್ತಿನಿಂದ ಬಿಟ್ಟುಹೋಗಿಲ್ಲ. ನಮ್ಮಲ್ಲಿ ಹಳೇ ಗಾಡಿ ಎಬ್ಬಿಸುವ ಕೆಲಸ ಎಂಜಿನ್ ಸದ್ದು ಬಂದ ದಿನಕ್ಕೆ ಮುಗಿಯುತ್ತದೆ. ಆಮೇಲೆ ಬಣ್ಣ, ಆಮೇಲೆ ಕ್ರೋಮು, ಆಮೇಲೆ ಫೋಟೊ. ಬ್ರೇಕು ‘ಹಿಡೀತದೆ’ ಅನ್ನುವಷ್ಟಿದ್ದರೆ ಸಾಕು. ಬಾಯ್ ಎರಡೂ ಚಕ್ರ ಬಿಚ್ಚಿ ಹಾಕಿದ ಮೇಲೆ, ಹಿಂದೆಲ್ಲ ನಾವು ಯಾವುದರ ಮೇಲೆ ಕೂತು ಹೋಗುತ್ತಿದ್ದೆವು ಎಂಬುದು ಗೊತ್ತಾಯಿತು. ಹಿಂದಿನ ಬ್ರೇಕ್ ಶೂವಿನ ಲೈನಿಂಗ್ ಒಂದು ತುದಿಯಲ್ಲಿ ಶೂ ಬಿಟ್ಟು ಎದ್ದಿತ್ತು. ಓಡುವಾಗ ಅದು ಪೂರ್ತಿ ಕಳಚಿ ಡ್ರಮ್ಮಿನೊಳಗೆ ಸಿಕ್ಕಿಕೊಂಡಿದ್ದರೆ ಚಕ್ರ ಗಕ್ಕನೆ ನಿಲ್ಲುತ್ತಿತ್ತು. ಮುಂದಿನ ಶೂಗಳು ಗಾಜಿನಂತೆ ನುಣುಪಾಗಿದ್ದವು. ಬೇರಿಂಗಿನ ಗ್ರೀಸ್ ಕರಗಿ ಒಂದು ಕಡೆ ಹರಿದಿತ್ತು. ಬ್ರೇಕ್ ರಾಡಿನ ಕೊನೆಯ ಪಿನ್ನಿಗೆ ಸ್ಪ್ಲಿಟ್ ಪಿನ್ ಇರಬೇಕಾದ ಕಡೆ ಯಾವುದೋ ಗ್ಯಾರೇಜಿನವರು ಕಟ್ಟಡ ಕಟ್ಟುವ ಬೈಂಡಿಂಗ್ ವೈರ್ ಸುತ್ತಿದ್ದರು.

ಎಲ್ಲಕ್ಕಿಂತ ಕೆಟ್ಟದ್ದು ಮುಂದಿನ ಬ್ರೇಕಿನ ಆರ್ಮ್. ಡ್ರಮ್ಮಿನ ಹೊರಗಿರುವ ಈ ತೋಳು ಹಲ್ಲುಗಳ ಮೇಲೆ ಕೂತಿರುತ್ತದೆ. ಶೂ ಸವೆದು, ಕೇಬಲ್ಲಿನ ಅಡ್ಜಸ್ಟರು ಮುಗಿದಾಗ, ಹೊಸ ಶೂ ಹಾಕುವ ಬದಲು ತೋಳನ್ನು ಒಂದು ಹಲ್ಲು ಹಿಂದಕ್ಕೆ ತಿರುಗಿಸಿ ಕೂರಿಸುವ ಉಪಾಯವಿದೆ. ಲಿವರ್ ಹಿಡಿದರೆ ಬಿಗಿಯಾಗಿ ಸಿಗುತ್ತದೆ, ಬ್ರೇಕ್ ಚೆನ್ನಾಗಿದೆ ಅನ್ನಿಸುತ್ತದೆ. ಒಳಗಿನ ಕ್ಯಾಮ್ ಮಾತ್ರ ತನ್ನ ತಿರುವಿನ ಕೊನೆಯಲ್ಲಿರುತ್ತದೆ. ಜೋರಾಗಿ ಹಿಡಿದ ದಿನ ಮಗುಚಿಕೊಂಡು ಅಲ್ಲೇ ಸಿಕ್ಕಿಬೀಳಬಹುದು. ಇದನ್ನು ಮಾಡಿದವರು ದುಡ್ಡು ಉಳಿಸಿಕೊಡುವ ಸದುದ್ದೇಶದಿಂದಲೇ ಮಾಡಿರುತ್ತಾರೆ. ಆದರೂ ಇದು ಸವಾರನಿಗೆ ಮಾಡುವ ದ್ರೋಹ ಎಂದೇ ನನ್ನ ಅಭಿಪ್ರಾಯ. ಬ್ರೇಕು ಪೂರ್ತಿ ಹಿಡಿದಾಗ ತೋಳಿಗೂ ಕೇಬಲ್ಲಿಗೂ ನಡುವೆ ಲಂಬಕೋನ ಬರಬೇಕು, ಆಗಲೇ ಕೈಬಲವೆಲ್ಲ ಶೂವಿಗೆ ಸೇರುವುದು. ಹೊಸ ಶೂ ಹಾಕಿ ಬಾಯ್ ಅದನ್ನು ಕಣ್ಣಳತೆಯಲ್ಲೇ ಕೂರಿಸಿದರು.

ಡ್ರಮ್ಮಿನ ಒಳಗಿನ ಧೂಳನ್ನು ಚಿಕ್ಕಪ್ಪ ಬಾಯಿಂದ ಊದಲು ಹೋದಾಗ ಒದ್ದೆ ಬಟ್ಟೆ ಕೊಟ್ಟು ಒರೆಸಿಸಿದೆ. ಹಿಂದಿನ ಕಾಲದ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋಗಬಾರದು. ಬಾಯ್ ತಮ್ಮ ಆಯುಷ್ಯವಿಡೀ ಆ ಧೂಳನ್ನು ಊದಿದವರು. ನನ್ನ ಮಾತು ಕೇಳಿ ಅವರು ಏನೂ ಹೇಳದೆ, ಎರಡನೇ ಡ್ರಮ್ಮಿಗೆ ತಾವೂ ಒದ್ದೆ ಬಟ್ಟೆ ತೆಗೆದುಕೊಂಡರು.

ಟೈರಿನಲ್ಲಿ ಬಟನ್ ಇನ್ನೂ ಚೆನ್ನಾಗಿತ್ತು. ‘ಇದೊಂದ್ ಉಳೀತು’ ಅಂತ ಚಿಕ್ಕಪ್ಪ ಖುಷಿಪಟ್ಟ. ಪಕ್ಕದ ರಬ್ಬರನ್ನು ಬೆರಳಿನಲ್ಲಿ ಬಗ್ಗಿಸಿದರೆ ಬೇಸಿಗೆಯ ಗದ್ದೆಯಂತೆ ಬಿರುಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 1409 ಅಂದರೆ 2009ರ ಹದಿನಾಲ್ಕನೇ ವಾರ. ಓಡದೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಟೈರು, ಟ್ಯೂಬು, ಒಳಗಿನ ಟೇಪು ಎಲ್ಲವೂ ಹೊಸದಾದವು. ಸ್ಪೋಕುಗಳನ್ನು ಒಂದೊಂದಾಗಿ ಸ್ಪ್ಯಾನರಿನಲ್ಲಿ ತಟ್ಟಿ ಸದ್ದು ಕೇಳಿ, ಮಂಕಾಗಿ ಕೇಳಿದ್ದನ್ನು ಬಿಗಿದರು. ಹ್ಯಾಂಡಲಿನ ಕೋನ್ ಸೆಟ್ ಬದಲಾಯಿತು. ಅದು ಸವೆದಿದ್ದರೆ ನೇರ ರಸ್ತೆಯಲ್ಲೇ ಗಾಡಿ ತಾನಾಗಿ ಒಂದು ಕಡೆಗೆ ಎಳೆಯುತ್ತದೆ.

ಇಷ್ಟೆಲ್ಲ ಯಾಕೆ ಎಂದು ಬೇರೆ ಸೀಮೆಯವರು ಕೇಳಬಹುದು. ನಮ್ಮ ಕಡೆಯ ಎಷ್ಟೋ ರಸ್ತೆಗಳು ನಾಲೆಯ ಏರಿಯ ಮೇಲೆ ಹೋಗುತ್ತವೆ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ತುಂಬಿ ಹರಿಯುವ ನೀರು, ಬಹಳ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಸ್ಸು ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ದಿನವನ್ನು ಈ ಜಿಲ್ಲೆಯವರು ಯಾರೂ ಮರೆಯರು. ಏರಿಯ ಮೇಲೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ನಿಲ್ಲುವುದಕ್ಕೆ ಸಿಗುವುದು ಕೆಲವೇ ಮಾರು ಜಾಗ. ಟೂ ಸ್ಟ್ರೋಕ್ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ತಾನಾಗಿ ತಡೆಯುವುದೂ ಕಡಿಮೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿಕೊಂಡೇ ಬಹಳ ದೂರ ಹೋದರೆ ಇನ್ನೊಂದು ತೊಂದರೆ: ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ ಆದ್ದರಿಂದ ಪಿಸ್ಟನ್ ಒಣಗುತ್ತದೆ. ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರಲಿ, ಎಂಜಿನ್ ಹಿಡಿದಂತಾದರೆ ಕೂಡಲೇ ಕ್ಲಚ್ ಹಿಡಿ ಎಂದು ಬಾಯ್ ಚಿಕ್ಕಪ್ಪನಿಗೆ ಮತ್ತೆ ಮತ್ತೆ ಹೇಳಿದರು.

ಬೆಳಕಿನದು ಇನ್ನೊಂದು ಕಥೆ. ಆರು ವೋಲ್ಟಿನ ಡೈನಮೊ, ನಿಧಾನಕ್ಕೆ ಹೋದರೆ ದೀಪ ಕೆಂಪಗಾಗುತ್ತದೆ. ವೈರಿಂಗ್ ಪೂರ್ತಿ ಹೊಸದು ಮಾಡಿ ಫ್ಯೂಸ್ ಹಾಕಿದರೂ ಅದು ಇಂದಿನ ಗಾಡಿಯ ಬೆಳಕಾಗಲಿಲ್ಲ. ಸುಗ್ಗಿಯಲ್ಲಿ ಹಿಂದೆ ದೀಪವಿಲ್ಲದ ಎತ್ತಿನ ಗಾಡಿ, ಟ್ರೇಲರುಗಳು ಕಬ್ಬು ಹೇರಿಕೊಂಡು ಕತ್ತಲಲ್ಲಿ ಸಾಲಾಗಿ ಹೋಗುತ್ತವೆ. ಹೀಗಾಗಿ ಕತ್ತಲಾದ ಮೇಲೆ ಈ ಗಾಡಿ ತೆಗೆಯಬಾರದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಹಿಂದಿನ ಮಡ್‌ಗಾರ್ಡಿಗೆ ದೊಡ್ಡ ಕೆಂಪು ರಿಫ್ಲೆಕ್ಟರ್ ಅಂಟಿಸಿದೆವು. ಐಎಸ್ಐ ಗುರುತಿನ ಹೆಲ್ಮೆಟ್ಟನ್ನು ಚಿಕ್ಕಮ್ಮನೇ ಹೋಗಿ ತಂದರು.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹದಿನೈದು ವರ್ಷ ದಾಟಿದ ಗಾಡಿಗೆ ಆರ್.ಸಿ.ಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅದಕ್ಕೆ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಬೇಕು. ಇನ್ಶೂರೆನ್ಸು, ಹೊಗೆ ಸರ್ಟಿಫಿಕೇಟು, ಈಗ ಎಚ್ಎಸ್ಆರ್‌ಪಿ ನಂಬರ್ ಪ್ಲೇಟು ಎಲ್ಲವೂ ಬೇಕು. ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಗಾಡಿಯಾದರೆ 2021ರಲ್ಲಿ ಬಂದ ವಿಂಟೇಜ್ ನಿಯಮದಡಿ ಬೇರೆ ನೋಂದಣಿ ಇದೆ, ಆದರೆ ಅಂಥದ್ದನ್ನು ದಿನನಿತ್ಯ ಓಡಿಸುವಂತಿಲ್ಲ. ಚಿಕ್ಕಪ್ಪನದು ಅಷ್ಟು ಹಳೆಯದಲ್ಲ, ಅವನಿಗೆ ಬೇಕಿದ್ದದ್ದೂ ದಿನನಿತ್ಯದ ಗಾಡಿಯೇ.

ಮೈಸೂರಿಗೆ ಒಂದು ಸಲ ಹೋಗಿಬರುತ್ತೇನೆ ಎಂದು ಹಟ ಹಿಡಿದ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕುಗಳನ್ನು 2023ರ ಆಗಸ್ಟ್ 1ರಿಂದ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ, ಶ್ರೀರಂಗಪಟ್ಟಣದಲ್ಲಿ ಟೀ ಕುಡಿದು, ಹಿಂದೆ ನನ್ನನ್ನು ಕೂರಿಸಿಕೊಂಡು ಹೋದ. ಯಾದವಗಿರಿಯಲ್ಲಿ ಕಾರ್ಖಾನೆ ಇದ್ದ ಕಡೆ ಗಾಡಿ ನಿಲ್ಲಿಸಿ ಸುಮ್ಮನೆ ನೋಡಿ ಬಂದೆವು. ದಾರಿಯಲ್ಲಿ ಎಷ್ಟೋ ಜನ ಕೈ ಬೀಸಿದರು. ಜಾವಾ ಹೆಸರು 2018ರಲ್ಲೂ ಯೆಜ್ಡಿ ಹೆಸರು 2022ರಲ್ಲೂ ಹೊಸ ಗಾಡಿಗಳ ಮೇಲೆ ಮತ್ತೆ ಬಂದಿವೆ, ಅವು ಫೋರ್ ಸ್ಟ್ರೋಕಿನವು; ಬಾಯ್ ಅವರ ಕೈಗೆ ಬರುವವಲ್ಲ.

ಬಾಯ್ ಹತ್ತಿರ ಈಗ ಕಲಿಯುವ ಹುಡುಗರು ಯಾರೂ ಇಲ್ಲ. ಸಿಗರೇಟ್ ಕಾಗದದ ಟೈಮಿಂಗು, ಸ್ಪೋಕಿನ ಸದ್ದು, ಆರ್ಮ್ ಕೂರಿಸುವ ಕಣ್ಣಳತೆ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಇಂಥ ಮೇಸ್ತ್ರಿಗಳು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ನಿಮ್ಮ ಕೊಟ್ಟಿಗೆಯಲ್ಲಿ ಒಂದು ಜಾವಾ ಇದ್ದರೆ ಈ ವರ್ಷವೇ ಬೂಸದ ಚೀಲ ಇಳಿಸಿ ಅವರ ಹತ್ತಿರ ಒಯ್ಯಿರಿ. ಬಣ್ಣಕ್ಕೆ ಎತ್ತಿಟ್ಟ ದುಡ್ಡನ್ನು ಮೊದಲು ಬ್ರೇಕಿಗೂ ಟೈರಿಗೂ ಹಾಕಿ. ಹೋಗುವಾಗ ಮನೆಯ ಹುಡುಗರನ್ನೂ ಹುಡುಗಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಕೆಲಸ ಮುಗಿಯುವವರೆಗೆ ಪಕ್ಕದಲ್ಲಿ ಕೂರಿಸಿ.